ಹಳದಿ ದೀಪದ ಹಿಂದಿನ ಹೊಗೆ

ಕಾರಿನ ಮೀಟರುಗಳ ನಡುವೆ ಇಂಜಿನ್ನಿನ ಆಕಾರದ ಒಂದು ಪುಟ್ಟ ಹಳದಿ ದೀಪವಿದೆ. ಹೊತ್ತಿಕೊಂಡರೆ ಸುಮ್ಮನೆ ಹೊತ್ತಿಕೊಂಡಿರುತ್ತದೆ, ಏನಾಗಿದೆ ಎಂದು ಹೇಳುವುದಿಲ್ಲ. ಗ್ಯಾರೇಜಿನವರು ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದ ಮೇಲೆ ಒಂದು ಸಂಖ್ಯೆ ಬರುತ್ತದೆ. ಟರ್ಬೋ ಇರುವ ಪೆಟ್ರೋಲ್ ಕಾರುಗಳನ್ನು ಕಾಡುವ ಅಂಥ ಸಂಖ್ಯೆಗಳಲ್ಲಿ ಒಂದು ಪಿ0171. 'ಸಿಸ್ಟಮ್ ಟೂ ಲೀನ್' ಎಂದು ಅದರ ವಿವರಣೆ. ಇಂಜಿನ್ ಉರಿಸುತ್ತಿರುವ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ, ಪೆಟ್ರೋಲು ಕಡಿಮೆಯಾಗಿದೆ ಎಂದರ್ಥ. ನಮ್ಮ 'ಲೀನ'ಕ್ಕೂ ಈ ಲೀನ್‌ಗೂ ನಂಟಿಲ್ಲ. ಇದು ಬಡಕಲು ಎನ್ನುವ ಇಂಗ್ಲಿಷ್ ಮಾತು.

ಮುಂದಿನದು ಹೆಚ್ಚಾಗಿ ಊಹೆಯ ವ್ಯಾಪಾರ. ದೂರು ಕೊಟ್ಟದ್ದು ಸೆನ್ಸರ್, ಆದ್ದರಿಂದ ಸೆನ್ಸರೇ ಕೆಟ್ಟಿರಬೇಕು ಎಂದು ಅದನ್ನು ಬದಲಾಯಿಸುತ್ತಾರೆ. ವಾರ ಕಳೆಯುವಷ್ಟರಲ್ಲಿ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಜೇಬಿಗೆ ಕತ್ತರಿ ಬಿದ್ದಿರುತ್ತದೆ, ಜ್ವರ ಹಾಗೇ ಇರುತ್ತದೆ.

ಈ ದೀಪದ ವಂಶಾವಳಿ ಹುಡುಕುತ್ತ ಹೋದರೆ ನಾವು 1943ರ ಲಾಸ್ ಏಂಜಲೀಸ್ ನಗರಕ್ಕೆ ಹೋಗಿ ನಿಲ್ಲುತ್ತೇವೆ. ಸ್ವಾರಸ್ಯವೆಂದರೆ, ಅಲ್ಲಿಯೂ ಮೊದಲು ನಡೆದದ್ದು ಎಮ್ಮೆಗೆ ಬರೆ ಹಾಕುವ ಕೆಲಸವೇ. ಆ ಕತೆಗೆ ಹೋಗುವ ಮೊದಲು ಗಾಳಿ ಮತ್ತು ಪೆಟ್ರೋಲಿನ ಲೆಕ್ಕವನ್ನು ಸ್ವಲ್ಪ ನೋಡಬೇಕು.

ಒಂದು ಕಿಲೋ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಇದಕ್ಕಿಂತ ಹೆಚ್ಚಾದರೆ ಮಿಶ್ರಣ ಲೀನ್, ಕಡಿಮೆಯಾದರೆ ರಿಚ್. ಕಾರ್ಬ್ಯುರೇಟರ್ ಕಾಲದ ಮೆಕ್ಯಾನಿಕ್ ಇದನ್ನು ಕಣ್ಣಿನಲ್ಲೇ ಅಳೆಯುತ್ತಿದ್ದ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದಾಗ ತುದಿ ಕಾಫಿಪುಡಿಯ ಬಣ್ಣಕ್ಕಿದ್ದರೆ ಸರಿ, ಮಸಿ ಹಿಡಿದಿದ್ದರೆ ರಿಚ್, ಸುಣ್ಣದಂತೆ ಬೆಳ್ಳಗಾಗಿದ್ದರೆ ಲೀನ್. ಸ್ಕ್ರೂ ಕಾಲು ಸುತ್ತು ತಿರುಗಿಸಿ ಕಿವಿಗೊಟ್ಟು ಕೇಳಿದರೆ ಕೆಲಸ ಮುಗಿಯಿತು.

ಈ ಲೆಕ್ಕವನ್ನು ಕಠಿಣವಾಗಿಸಿದ್ದು ಟರ್ಬೋ. ಕುಲುಮೆಯಲ್ಲಿ ತಿದಿ ಒತ್ತುವುದನ್ನು ನೋಡಿದವರಿಗೆ ಅದರ ತತ್ವ ಗೊತ್ತು: ಗಾಳಿ ಹೆಚ್ಚು ನುಗ್ಗಿಸಿದರೆ ಉರಿ ಹೆಚ್ಚು. ವ್ಯತ್ಯಾಸವೆಂದರೆ ಇಲ್ಲಿ ತಿದಿ ಒತ್ತಲು ಬೇರೆ ಆಳಿಲ್ಲ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆಯೇ ಒಂದು ಚಕ್ರವನ್ನು ತಿರುಗಿಸುತ್ತದೆ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬುಕಿ 1905ರಲ್ಲಿ ಈ ಕಲ್ಪನೆಗೆ ಪೇಟೆಂಟ್ ಪಡೆದ. 1918ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಒಂದು ಲಿಬರ್ಟಿ ವಿಮಾನದ ಇಂಜಿನ್ನನ್ನು ಅಮೆರಿಕದ ಕೊಲರಾಡೊದಲ್ಲಿರುವ ಪೈಕ್ಸ್ ಪೀಕ್ ಶಿಖರಕ್ಕೆ ಸಾಗಿಸಿದ. ಸುಮಾರು 4,300 ಮೀಟರ್ ಎತ್ತರದ, ಗಾಳಿ ತೆಳುವಾದ ಆ ಜಾಗದಲ್ಲಿ ಸೊರಗಿದ ಇಂಜಿನ್, ಟರ್ಬೋ ಸೇರಿಸಿದೊಡನೆ ಸಮುದ್ರಮಟ್ಟದಲ್ಲಿದ್ದ ಶಕ್ತಿಯನ್ನೇ ಮರಳಿ ಪಡೆಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಅನೇಕ ಯುದ್ಧವಿಮಾನಗಳು ಟರ್ಬೋ ಹೊತ್ತೇ ಹಾರುತ್ತಿದ್ದವು.

ಅಂಥ ಒಂದು ವಿಮಾನ ಪಿ-38. 1944ರ ಬೇಸಿಗೆಯಲ್ಲಿ ನ್ಯೂಗಿನಿಯಲ್ಲಿದ್ದ ಅದರ ಪೈಲಟ್‌ಗಳ ಬಳಿಗೆ, ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ಹಾರಿ ದಾಟಿ ಜಗದ್ವಿಖ್ಯಾತನಾಗಿದ್ದ ಚಾರ್ಲ್ಸ್ ಲಿಂಡ್‌ಬರ್ಗ್ ಬಂದ. ಒಂದೇ ಗುಂಪಿನಲ್ಲಿ ಹಾರಿ ಒಟ್ಟಿಗೆ ಇಳಿದರೂ ಲಿಂಡ್‌ಬರ್ಗನ ಟ್ಯಾಂಕಿನಲ್ಲಿ ಮಾತ್ರ ಉಳಿದವರಿಗಿಂತ ಹೆಚ್ಚು ಇಂಧನ ಮಿಗುತ್ತಿತ್ತು. ಅವನ ಗುಟ್ಟು ಇಷ್ಟೆ: ಇಂಜಿನ್ನಿನ ಸುತ್ತು ಕಡಿಮೆ, ಗಾಳಿಯ ಒತ್ತಡ ಹೆಚ್ಚು, ಮಿಶ್ರಣ ಲೀನ್. ಇಂಜಿನ್ ಸುಟ್ಟುಹೋದೀತು ಎಂದು ಉಳಿದವರು ಹೆದರಿದ್ದರು. ಬಿಚ್ಚಿ ನೋಡಿದರೆ ಅಂಥದ್ದೇನೂ ಆಗಿರಲಿಲ್ಲ. ಆ ವಿಮಾನಗಳು ಹಾರಬಲ್ಲ ದೂರ ಗಣನೀಯವಾಗಿ ಹೆಚ್ಚಿತು.

ಹಾಗಾದರೆ ಲೀನ್ ಎನ್ನುವುದು ಕೆಡುಕೋ, ಮಿತವ್ಯಯವೋ? ಉತ್ತರ ಸಂದರ್ಭದ ಮೇಲಿದೆ. ನಿಧಾನ ಸಾಗುವಾಗ ಲೀನ್ ಮಿತವ್ಯಯ. ಟರ್ಬೋ ಪೂರ್ತಿ ಒತ್ತಡ ಕೊಡುತ್ತಿರುವಾಗ ಅದೇ ಲೀನ್ ಅಪಾಯ. ಹೆಚ್ಚಿಗೆ ಸುರಿದ ಪೆಟ್ರೋಲು ಆವಿಯಾಗುತ್ತ ಸಿಲಿಂಡರಿನ ಬಿಸಿಯನ್ನು ಹೀರುತ್ತದೆ. ಆ ತಂಪು ಸಿಗದಿದ್ದರೆ ಮಿಶ್ರಣ ತಾನಾಗಿಯೇ ಸ್ಫೋಟಿಸಿ ಪಿಸ್ಟನ್ನಿಗೆ ಸುತ್ತಿಗೆಯಂತೆ ಬಡಿಯುತ್ತದೆ. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದನ್ನೇ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೋ ಕಾರನ್ನು ಮಾರುಕಟ್ಟೆಗೆ ತಂದಾಗ, ಈ ಬಡಿತ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವದ ಪ್ರತ್ಯೇಕ ಟ್ಯಾಂಕನ್ನೇ ಇಡಬೇಕಾಯಿತು. ದ್ರವ ತುಂಬಿಸಲು ಮಾಲೀಕರು ಮರೆಯುತ್ತಿದ್ದರು. ಕಾರಿನ ತಯಾರಿಕೆ 1963ರಲ್ಲೇ ನಿಂತಿತು, ಎಷ್ಟೋ ಕಾರುಗಳಿಂದ ಡೀಲರುಗಳೇ ಟರ್ಬೋ ಬಿಚ್ಚಿ ಸಾಧಾರಣ ಕಾರ್ಬ್ಯುರೇಟರ್ ಕೂರಿಸಿದರು. ಟರ್ಬೋ ಇಂಜಿನ್ನಿಗೆ ಎಚ್ಚರದ ಕಾವಲುಗಾರ ಬೇಕಿತ್ತು. ಆ ಕಾವಲುಗಾರ ಬಂದದ್ದು ಇಂಜಿನ್ನನ್ನು ಕಾಯುವ ಉದ್ದೇಶದಿಂದಲ್ಲ.

ಈಗ ಲಾಸ್ ಏಂಜಲೀಸ್‌ಗೆ ಬರೋಣ. 1943ರ ಜುಲೈನ ಒಂದು ದಿನ ನಗರವನ್ನು ದಟ್ಟ ಹೊಗೆಮಂಜು ಕವಿಯಿತು. ಕಣ್ಣು ಉರಿ, ಗಂಟಲು ಕೆರೆತ, ಮೂರು ಬೀದಿಯಾಚೆ ಏನೂ ಕಾಣದು. ಯುದ್ಧದ ಕಾಲ; ಜಪಾನೀಯರು ವಿಷಾನಿಲ ಬಿಟ್ಟಿದ್ದಾರೆಂದು ಕೆಲವರು ಭಯಪಟ್ಟರು. ಆಮೇಲೆ ಜನರ ಸಿಟ್ಟು ನಗರದೊಳಗಿದ್ದ, ಕೃತಕ ರಬ್ಬರಿಗೆ ಬೇಕಾದ ರಾಸಾಯನಿಕ ತಯಾರಿಸುವ ಕಾರ್ಖಾನೆಯೊಂದರ ಮೇಲೆ ತಿರುಗಿತು. ಒತ್ತಾಯಕ್ಕೆ ಮಣಿದು ಕಾರ್ಖಾನೆಯನ್ನು ತಾತ್ಕಾಲಿಕವಾಗಿ ಮುಚ್ಚಲಾಯಿತು. ಹೊಗೆಮಂಜು ಹೋಗಲಿಲ್ಲ. ಎದುರಿಗೆ ಕಂಡದ್ದನ್ನು ಬದಲಿಸಿ ನೋಡಿದ್ದಾಯಿತು, ದೀಪ ಆರಲಿಲ್ಲ ಎಂದು ಇಂದಿನ ಗ್ಯಾರೇಜಿನ ಮಾತಿನಲ್ಲಿ ಹೇಳಬಹುದು.

ನಿಜವಾದ ಕಾರಣವನ್ನು ಹಿಡಿದವನು ಏರಿ ಹಾಗೆನ್-ಸ್ಮಿಟ್. ಡಚ್ ಮೂಲದ ಈ ರಸಾಯನಶಾಸ್ತ್ರಜ್ಞ ಕ್ಯಾಲ್‌ಟೆಕ್‌ನಲ್ಲಿ ಅನಾನಸಿನ ಪರಿಮಳ ಯಾವ ವಸ್ತುಗಳಿಂದ ಬರುತ್ತದೆ ಎಂದು ಸಂಶೋಧಿಸುತ್ತಿದ್ದ. ಅದೇ ವಿಧಾನವನ್ನು ಅವನು ನಗರದ ಗಾಳಿಗೆ ಅನ್ವಯಿಸಿದ. ಗಾಳಿಯನ್ನು ಅತಿ ತಂಪಾದ ಕೊಳವೆಗಳ ಮೂಲಕ ಹಾಯಿಸಿ ಅದರಲ್ಲಿದ್ದುದನ್ನು ಹೆಪ್ಪುಗಟ್ಟಿಸಿ ಪರೀಕ್ಷಿಸಿದ. 1950ರ ದಶಕದ ಆರಂಭದಲ್ಲಿ ಅವನು ತೋರಿಸಿಕೊಟ್ಟದ್ದು ಇದು: ಈ ಮಂಜು ಯಾವ ಚಿಮಣಿಯಿಂದಲೂ ಸಿದ್ಧರೂಪದಲ್ಲಿ ಹೊರಬರುವುದಿಲ್ಲ. ಉರಿಯದೆ ಉಳಿದ ಪೆಟ್ರೋಲಿನ ಆವಿ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಒಂದರೊಡನೊಂದು ವರ್ತಿಸಿ ಓಜೋನ್ ಹುಟ್ಟುತ್ತದೆ, ಕಣ್ಣುರಿಸುವ ಇನ್ನೂ ಹಲವು ವಸ್ತುಗಳು ಹುಟ್ಟುತ್ತವೆ. ಅವುಗಳಿಗೆ ಕಚ್ಚಾವಸ್ತು ಒದಗಿಸುತ್ತಿದ್ದುದು ತೈಲ ಶುದ್ಧೀಕರಣ ಘಟಕಗಳು ಮತ್ತು ನಗರದ ಲಕ್ಷಾಂತರ ಕಾರುಗಳು. ದೂರು ಕೊಡುತ್ತಿದ್ದವರ ಮನೆಯಂಗಳದಲ್ಲೇ ಕಾರಣ ನಿಂತಿತ್ತು.

ಒಪ್ಪಿಕೊಳ್ಳಲು ಸುಲಭವಾದ ಮಾತಲ್ಲ ಇದು. ತೈಲೋದ್ಯಮದ ಹಣದಿಂದ ನಡೆದ ಸಂಶೋಧನೆ ಅವನ ವಾದವನ್ನು ಪ್ರಶ್ನಿಸಿತು. ಆದರೆ ಸಾಕ್ಷ್ಯ ಅವನ ಕಡೆಗಿತ್ತು. 1968ರಲ್ಲಿ ಹಾಗೆನ್-ಸ್ಮಿಟ್ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಯ ಮೊದಲ ಅಧ್ಯಕ್ಷನಾದ. 1973ರಲ್ಲಿ ಗವರ್ನರ್ ರೊನಾಲ್ಡ್ ರೇಗನ್ ಅವನನ್ನು ಆ ಸ್ಥಾನದಿಂದ ತೆಗೆದರು. ಅಷ್ಟರಲ್ಲಿ ನೀರು ಬಹಳ ದೂರ ಹರಿದಿತ್ತು. 1970ರ ಅಮೆರಿಕದ ಶುದ್ಧ ಗಾಳಿ ಕಾಯ್ದೆ, ಹೊಸ ಕಾರುಗಳ ಹೊಗೆಯಲ್ಲಿನ ಮಾಲಿನ್ಯವನ್ನು ಶೇಕಡಾ 90ರಷ್ಟು ಇಳಿಸಬೇಕೆಂದು ತಯಾರಕರಿಗೆ ಗಡುವು ಕೊಟ್ಟಿತ್ತು.

1975ರ ಮಾದರಿಯ ಕಾರುಗಳಿಂದ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಮೊದಲ ತಲೆಮಾರಿನ ಕನ್ವರ್ಟರುಗಳು ಇಂಗಾಲದ ಮಾನಾಕ್ಸೈಡು ಮತ್ತು ಉರಿಯದ ಪೆಟ್ರೋಲನ್ನು ಸುಡುತ್ತಿದ್ದವು, ನೈಟ್ರೋಜನ್ ಆಕ್ಸೈಡಿಗೆ ಮದ್ದಾಗಲಿಲ್ಲ. ಮೂರನ್ನೂ ಒಟ್ಟಿಗೆ ನಿವಾರಿಸುವ ಕನ್ವರ್ಟರ್ ಸಾಧ್ಯವಿತ್ತು, ಆದರೆ ಅದರದ್ದೊಂದು ಹಟ: ಮಿಶ್ರಣ 14.7ರ ಆಸುಪಾಸಿನ ಒಂದು ಇಕ್ಕಟ್ಟಾದ ಕಿಂಡಿಯೊಳಗೇ ಇರಬೇಕು. ಲೀನ್ ಆದರೆ ನೈಟ್ರೋಜನ್ ಆಕ್ಸೈಡು ತಪ್ಪಿಸಿಕೊಳ್ಳುತ್ತದೆ, ರಿಚ್ ಆದರೆ ಉಳಿದೆರಡು. ಸ್ಕ್ರೂ ತಿರುಗಿಸುವ ಕೈಗೆ, ಪ್ಲಗ್ಗಿನ ಬಣ್ಣ ನೋಡುವ ಕಣ್ಣಿಗೆ ಎಟುಕದ ನಿಖರತೆ ಅದು. ಕ್ಷಣಕ್ಷಣಕ್ಕೂ ಹೊಗೆಯನ್ನು ಮೂಸಿ ನೋಡಿ ವರದಿ ಮಾಡುವ ಒಂದು ಮೂಗು ಬೇಕಾಯಿತು.

ಆ ಮೂಗೇ ಲ್ಯಾಂಬ್ಡಾ ಸೆನ್ಸರ್. ಅದನ್ನು ಕಾರಿಗೆ ಒಗ್ಗಿಸಿದ್ದು ಜರ್ಮನಿಯ ಬಾಷ್ ಕಂಪನಿ. ಮೊದಲು ಮಾರಾಟದ ಕಾರಿನಲ್ಲಿ ಅಳವಡಿಸಿದ್ದು ಸ್ವೀಡನ್ನಿನ ವೋಲ್ವೋ, 1976ರಲ್ಲಿ, ಕ್ಯಾಲಿಫೋರ್ನಿಯಾಕ್ಕೆ ಕಳಿಸಿದ 240 ಸರಣಿಯಲ್ಲಿ. ಕಾರಿನ ಮುಂಭಾಗದಲ್ಲಿ 'ಲ್ಯಾಂಬ್ಡಾ ಸಾಂಡ್' ಎಂಬ ಫಲಕವನ್ನೂ ಹೆಮ್ಮೆಯಿಂದ ಹಾಕಿದ್ದರು. ಸೆನ್ಸರಿನ ತುದಿಯಲ್ಲಿ ಬೆರಳುಗವಸಿನ ಆಕಾರದ ಜಿರ್ಕೋನಿಯಾ ಪಿಂಗಾಣಿ ಇದೆ, ಮೇಲೆ ಪ್ಲಾಟಿನಂ ಲೇಪನ. ಒಳಬದಿಗೆ ಹೊರಗಿನ ಗಾಳಿ, ಹೊರಬದಿಗೆ ಇಂಜಿನ್ನಿನ ಹೊಗೆ. ಎರಡರ ಆಮ್ಲಜನಕದಲ್ಲಿ ವ್ಯತ್ಯಾಸವಿದ್ದರೆ, ಕೆಂಡದಷ್ಟು ಬಿಸಿಯಾದ ಆ ಪಿಂಗಾಣಿ ವಿದ್ಯುತ್ ಹುಟ್ಟಿಸುತ್ತದೆ. ಮಿಶ್ರಣ ರಿಚ್ ಇದ್ದರೆ ಸುಮಾರು 0.9 ವೋಲ್ಟ್, ಲೀನ್ ಇದ್ದರೆ ಸುಮಾರು 0.1.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ಮೂಗಿಗೆ ಪೆಟ್ರೋಲಿನ ವಾಸನೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಆಮ್ಲಜನಕ ಮಾತ್ರ. ಹೊಗೆಯಲ್ಲಿ ಆಮ್ಲಜನಕ ಮಿಕ್ಕಿದೆ ಎಂದಷ್ಟೇ ಅದು ಹೇಳಬಲ್ಲದು. ಏಕೆ ಮಿಕ್ಕಿತು ಎಂಬುದು ಓದುವವರ ಹೊಣೆ.

1970ರ ದಶಕದ ಕೊನೆಯಲ್ಲಿ ಟರ್ಬೋ ಮತ್ತೆ ಬಂತು. 1977ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಸಾಬ್ 99 ಟರ್ಬೋ ಕಾಣಿಸಿಕೊಂಡಿತು. 1981ರಲ್ಲಿ, ಮೂಗು ಪಡೆದಿದ್ದ ಅದೇ ವೋಲ್ವೋ 240 ಸರಣಿಗೆ ಟರ್ಬೋ ಸೇರಿತು. ಇಂಜೆಕ್ಟರುಗಳನ್ನು ಆಳುವ ಕಂಪ್ಯೂಟರಿಗೆ ಈಗ ಇಂಜಿನ್ನಿಗೆ ಹೋಗುವ ಗಾಳಿಯ ಲೆಕ್ಕವೂ ಹೊರಬರುವ ಹೊಗೆಯ ವರದಿಯೂ ಸಿಗುತ್ತಿದ್ದವು. ಎರಡನ್ನೂ ತಾಳೆ ನೋಡಿ, ಲೀನ್ ಎಂದರೆ ಪೆಟ್ರೋಲು ಸ್ವಲ್ಪ ಹೆಚ್ಚಿಸುವುದು, ರಿಚ್ ಎಂದರೆ ಇಳಿಸುವುದು. ಈ ತಿದ್ದುಪಡಿಗೆ ಫ್ಯುಯೆಲ್ ಟ್ರಿಮ್ ಎಂದು ಹೆಸರು. ಅಂಗಡಿಯವರ ಖಾತೆಪುಸ್ತಕದಂತೆ ಕಂಪ್ಯೂಟರ್ ಅದನ್ನು ಬರೆದಿಡುತ್ತದೆ: ದಿನದ ಚಿಲ್ಲರೆ ಏರಿಳಿತ ಒಂದು ಕಡೆ, ಬಹುಕಾಲದ ಬಾಕಿ ಇನ್ನೊಂದು ಕಡೆ.

ಆಮೇಲೆ ಕ್ಯಾಲಿಫೋರ್ನಿಯಾ ಇನ್ನೊಂದು ಹೆಜ್ಜೆ ಇಟ್ಟಿತು. ಕಾರಿನ ಹೊಗೆ ವ್ಯವಸ್ಥೆ ಕೆಟ್ಟರೆ ಕಾರೇ ಅದನ್ನು ತಿಳಿಸಬೇಕು ಎಂದು 1988ರ ಮಾದರಿಯಿಂದ ಕಡ್ಡಾಯ ಮಾಡಿತು. 1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ ಸಾಕೆಟ್ಟು, ಒಂದೇ ಬಗೆಯ ಸಂಖ್ಯೆಗಳು ಬಂದವು. ಪಿ0171 ಆ ಪಟ್ಟಿಯ ಒಂದು ಸಾಲು. ತಿದ್ದುಪಡಿ ಸಾಮಾನ್ಯವಾಗಿ ಶೇಕಡಾ 20ರಿಂದ 25ನ್ನು ಮುಟ್ಟಿ, ಇನ್ನು ನನ್ನಿಂದ ಸರಿದೂಗಿಸಲಾಗದು ಎಂದು ಕಂಪ್ಯೂಟರ್ ಕೈಚೆಲ್ಲಿದಾಗ ದೀಪ ಹೊತ್ತುತ್ತದೆ. ಅಂದರೆ ದೋಷ ಶುರುವಾದದ್ದು ಇಂದಲ್ಲ. ಬಹಳ ದಿನ ಅದನ್ನು ಯಾರಿಗೂ ಗೊತ್ತಾಗದಂತೆ ಸಂಭಾಳಿಸಿ, ಸಾಕಾದ ಮೇಲೆ ಬಾಯಿಬಿಟ್ಟ ದೂರು ಅದು.

ಈ ಚರಿತ್ರೆ ತಿಳಿದರೆ ದೂರನ್ನು ಓದುವ ದಾರಿಯೂ ತಿಳಿಯುತ್ತದೆ. ಮೊದಲ ಕೆಲಸ, ಸಂಖ್ಯೆಯನ್ನು ಅಳಿಸದೆ ಇರುವುದು. ದೀಪ ಹೊತ್ತಿದ ಗಳಿಗೆಯಲ್ಲಿ ಇಂಜಿನ್ ಎಷ್ಟು ಸುತ್ತು ಹಾಕುತ್ತಿತ್ತು, ಎಷ್ಟು ಬಿಸಿಯಿತ್ತು, ಎಷ್ಟು ಭಾರ ಎಳೆಯುತ್ತಿತ್ತು ಎಂಬುದನ್ನು ಕಂಪ್ಯೂಟರ್ 'ಫ್ರೀಜ್ ಫ್ರೇಮ್' ಎಂದು ಹಿಡಿದಿಟ್ಟಿರುತ್ತದೆ. ಹಾಗೆನ್-ಸ್ಮಿಟ್‌ನ ತಂಪು ಕೊಳವೆಯಂತೆ ಇದೂ ಹೆಪ್ಪುಗಟ್ಟಿಸಿದ ಸಾಕ್ಷ್ಯ. ಅಳಿಸಿದರೆ ಸಾಕ್ಷ್ಯ ಹೋಯಿತು.

ಎರಡನೆಯದು, ತಿದ್ದುಪಡಿಯ ಅಂಕಿಯನ್ನು ಬೇರೆ ಬೇರೆ ಸ್ಥಿತಿಯಲ್ಲಿ ನೋಡುವುದು. ಇಂಜಿನ್ ನಿಂತಲ್ಲೇ ಓಡುವಾಗ ತಿದ್ದುಪಡಿ ಹೆಚ್ಚಿದ್ದು, ನಿಮಿಷಕ್ಕೆ 2,500 ಸುತ್ತಿಗೆ ಏರಿಸಿದೊಡನೆ ಇಳಿದರೆ, ಎಲ್ಲೋ ತೂತಿನಿಂದ ಲೆಕ್ಕಕ್ಕೆ ಸಿಗದ ಗಾಳಿ ನುಸುಳುತ್ತಿದೆ ಎಂದು ಅನುಮಾನಿಸಬಹುದು. ತೂತು ಅಷ್ಟೇ ಇರುತ್ತದೆ, ಒಟ್ಟು ಗಾಳಿ ಹೆಚ್ಚಾದಾಗ ಅದರ ಪಾಲು ಸಣ್ಣದಾಗುತ್ತದೆ. ಇದಕ್ಕೆ ವಿರುದ್ಧವಾಗಿ, ನಿಂತಾಗ ಸರಿಯಿದ್ದು ಏರಿನಲ್ಲಿ ಎಳೆಯುವಾಗ ತಿದ್ದುಪಡಿ ಏರುತ್ತ ಹೋದರೆ, ಪೆಟ್ರೋಲು ಸಾಲುತ್ತಿಲ್ಲ: ಸೊರಗಿದ ಪಂಪು, ಕಟ್ಟಿಕೊಂಡ ಫಿಲ್ಟರು ಅಥವಾ ಇಂಜೆಕ್ಟರು. ಗಾಳಿ ಅಳೆಯುವ ಮೀಟರಿಗೆ ಧೂಳು ಹಿಡಿದು ಕಡಿಮೆ ತೋರಿಸಿದರೂ ಲಕ್ಷಣ ಹೀಗೇ ಇರಬಹುದು.

ಟರ್ಬೋ ಇರುವಲ್ಲಿ ಒಂದು ಒಗಟು ಸೇರಿಕೊಳ್ಳುತ್ತದೆ. ಸಾಧಾರಣ ಇಂಜಿನ್ನಿನ ಒಳಹರಿವಿನ ಕೊಳವೆ ಸದಾ ಹೊರಗಿನಿಂದ ಹೀರುವುದೇ ಹೆಚ್ಚು. ಟರ್ಬೋ ಇಂಜಿನ್ನಿನಲ್ಲಿ ಅದೇ ಕೊಳವೆ ಒಮ್ಮೆ ಹೀರುತ್ತದೆ, ಒಮ್ಮೆ ಉಬ್ಬುತ್ತದೆ. ಥ್ರಾಟಲ್ ಆಚೆ ಗ್ಯಾಸ್ಕೆಟ್ಟಿನಲ್ಲಿ ಒಂದು ಬಿರುಕಿದೆ ಎನ್ನಿ. ಸಿಗ್ನಲ್ಲಿನಲ್ಲಿ ನಿಂತಾಗ ಅಲ್ಲಿಂದ ಗಾಳಿ ಒಳನುಗ್ಗಿ ಮಿಶ್ರಣ ಲೀನ್. ಹೆದ್ದಾರಿಯಲ್ಲಿ ಟರ್ಬೋ ಒತ್ತಿದಾಗ, ಮೀಟರು ಅಳೆದ ಗಾಳಿಯೇ ಅಲ್ಲಿಂದ ಹೊರಗೆ ಸೋರಿ ಮಿಶ್ರಣ ರಿಚ್. ಒಂದೇ ತೂತು, ಎರಡು ದೂರು. ಮೀಟರು ಮತ್ತು ಟರ್ಬೋ ನಡುವಿನ ರಬ್ಬರ್ ಹೋಸ್ ಸೀಳಿದ್ದರೆ ಅದು ಯಾವಾಗಲೂ ಹೀರುವ ಜಾಗ, ಆದ್ದರಿಂದ ಯಾವಾಗಲೂ ಲೀನ್. ಇನ್ನು ಕೆಲವು ಕಾರುಗಳಲ್ಲಿ ಗಾಳಿಯ ಮೀಟರೇ ಇರುವುದಿಲ್ಲ. ಕೊಳವೆಯೊಳಗಿನ ಒತ್ತಡ ಮತ್ತು ಉಷ್ಣತೆ ನೋಡಿ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಅಲ್ಲಿ ನುಸುಳಿದ ಗಾಳಿಯೂ ಬಹುಪಾಲು ಲೆಕ್ಕಕ್ಕೆ ಸಿಕ್ಕಿಬಿಡುವುದರಿಂದ, ಲೀನ್ ದೂರು ಬಂದರೆ ಪೆಟ್ರೋಲಿನ ಕಡೆಗೋ ಹೊಗೆಯ ಕಡೆಗೋ ಮೊದಲು ಕಣ್ಣು ಹಾಯಿಸಬೇಕು.

ಹೊಗೆಯ ಕಡೆ ಎಂದೆ. ಸೆನ್ಸರಿಗಿಂತ ಮೊದಲೇ ಹೊಗೆ ಕೊಳವೆಯಲ್ಲಿ ಬಿರುಕಿದ್ದರೆ ಹೊರಗಿನ ಗಾಳಿ ಅದರೊಳಗೆ ಸೇರಿ, ಮಿಶ್ರಣ ಸರಿಯಿದ್ದರೂ ಮೂಗು ಲೀನ್ ಎನ್ನುತ್ತದೆ. ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದರೂ ಹಾಗೆಯೇ. ಅಲ್ಲಿ ಪೆಟ್ರೋಲು ಬೇಕಾದಷ್ಟಿದೆ, ಉರಿದಿಲ್ಲ. ಬಳಕೆಯಾಗದ ಆಮ್ಲಜನಕ ಹೊರಬಿದ್ದಿತು. ಮೂಗಿಗೆ ಕಂಡದ್ದು ಅದೊಂದೇ. ಆಮ್ಲಜನಕವಷ್ಟೇ ಗೊತ್ತಿರುವ ಸಾಕ್ಷಿಯ ಮಿತಿ ಇದು.

ಸೋರುವ ಜಾಗ ಹುಡುಕಲು ಗ್ಯಾರೇಜುಗಳಲ್ಲಿ ಇರುವ ಉಪಾಯ ಸರಳ: ಒಳಹರಿವಿನ ಕೊಳವೆಗೆ ಹೊಗೆ ತುಂಬಿಸಿ, ಅದು ಎಲ್ಲಿಂದ ಎದ್ದು ಬರುತ್ತದೆ ಎಂದು ನೋಡುವುದು. ಬಹಳ ಸಲ ಅದು ಸಡಿಲಾದ ಕ್ಲಾಂಪಿನಿಂದಲೋ, ಪಿಸಿವಿ ವಾಲ್ವಿನ ಹರಿದ ರಬ್ಬರ್ ಪರದೆಯಿಂದಲೋ ಬರುತ್ತದೆ. ಇಂಜಿನ್ನಿನ ಹೊಟ್ಟೆಯಲ್ಲಿ ಸೇರುವ ಆವಿಯನ್ನು ಹೊರಗೆ ಬಿಡದೆ ಮತ್ತೆ ಉರಿಸಲು ಕಳಿಸುವ ಈ ಪಿಸಿವಿ, 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾ ಹೊಗೆಮಂಜಿನ ವಿರುದ್ಧ ಕಾರುಗಳಿಗೆ ಹೇರಿದ ಮೊದಲ ಸಾಧನ. ಆರು ದಶಕ ಕಳೆದರೂ ಅದೇ ಹೊಗೆಮಂಜಿನ ಎರಡು ಮಕ್ಕಳು ಒಂದೇ ಬಾನೆಟ್ಟಿನಡಿ ಜಗಳವಾಡುತ್ತಿವೆ: ಒಂದು ಹರಿಯುತ್ತದೆ, ಇನ್ನೊಂದು ದೂರು ಹೇಳುತ್ತದೆ.

ನಮ್ಮಲ್ಲಿಗೆ ಈ ಕತೆ ತಡವಾಗಿ, ತುಂಡುತುಂಡಾಗಿ ಬಂತು. ಸೀಸ ಬೆರೆತ ಪೆಟ್ರೋಲು ಕನ್ವರ್ಟರನ್ನೂ ಲ್ಯಾಂಬ್ಡಾ ಸೆನ್ಸರನ್ನೂ ಕೊಲ್ಲುತ್ತದೆ. ಸೀಸರಹಿತ ಪೆಟ್ರೋಲು ದೇಶದಾದ್ಯಂತ ಬಂದದ್ದು 2000ದ ಫೆಬ್ರವರಿಯಲ್ಲಿ. ಸ್ವಯಂ ತಪಾಸಣೆಯ ವ್ಯವಸ್ಥೆ ಭಾರತ್ ಸ್ಟೇಜ್ 4ರ ಜೊತೆಗೆ 2010ರಲ್ಲಿ ಆರಂಭವಾಗಿ 2013ರಲ್ಲಿ ಇನ್ನಷ್ಟು ಬಿಗಿಯಾಯಿತು. ಬೆಂಗಳೂರಿಗಂತೂ ಈ ಸೆನ್ಸರಿನ ಮನೆತನ ಮೊದಲೇ ಪರಿಚಿತ. 1951ರಲ್ಲಿ ಸ್ಥಾಪನೆಯಾಗಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪುಗಳಿಗೆ ಹೆಸರಾದ ಆಡುಗೋಡಿಯ ಮೈಕೋ, ಬಾಷ್‌ನ ಭಾರತೀಯ ಶಾಖೆಯೇ. 2008ರಲ್ಲಿ ಅದರ ಹೆಸರೂ ಬಾಷ್ ಆಯಿತು. ಮೈಕೋ ಪ್ಲಗ್ಗಿನ ಬಣ್ಣ ನೋಡಿ ಮಿಶ್ರಣ ಹೇಳುತ್ತಿದ್ದ ಕಾಲಕ್ಕೂ, ಪಿಂಗಾಣಿಯ ಮೂಗು ಮೂಸಿ ಹೇಳುವ ಕಾಲಕ್ಕೂ ನಡುವೆ ಒಂದೇ ತಲೆಮಾರಿನ ಅಂತರ. ಕೈಯಲ್ಲಿ ಸ್ಕ್ಯಾನರ್ ಹಿಡಿದ ಎಷ್ಟೋ ಮೆಕ್ಯಾನಿಕ್‌ಗಳು ಎರಡನ್ನೂ ಬಲ್ಲವರು. ಅಂಥವರು ಸಂಖ್ಯೆ ಕಂಡೊಡನೆ ಬಿಡಿಭಾಗ ಬರೆದುಕೊಡುವುದಿಲ್ಲ, ಮೊದಲು ಹೋಸ್ ಪೈಪಿನ ಮೇಲೆ ಕೈಯಾಡಿಸುತ್ತಾರೆ.

ದೀಪ ಯಾರಿಗಾಗಿ ಹುಟ್ಟಿತು ಎಂಬುದು ಮಾಲೀಕನಿಗೂ ಗೊತ್ತಿರಬೇಕು. ಟರ್ಬೋ ಪೂರ್ತಿ ಒತ್ತಡದಲ್ಲಿದ್ದಾಗ ಹಳೆಯ ವ್ಯವಸ್ಥೆಗಳು ಮೂಗಿನ ಮಾತು ಕೇಳುವುದನ್ನೇ ಬಿಟ್ಟು, ಮೊದಲೇ ಬರೆದಿಟ್ಟ ಅಳತೆಯಲ್ಲಿ ಪೆಟ್ರೋಲು ಸುರಿಯುತ್ತಿದ್ದವು. ಪಂಪು ಸೊರಗಿ ಆ ಹೊತ್ತಿನಲ್ಲಿ ಪೆಟ್ರೋಲು ಸಾಲದಿದ್ದರೆ ಪಿಸ್ಟನ್ ಕರಗಬಹುದು, ದೀಪ ಆಗ ಬಾಯಿಬಿಡದೆಯೂ ಇರಬಹುದು. ಅದು ಪಿಸ್ಟನ್ನಿನ ಕಾವಲಿಗೆ ನೇಮಕವಾದದ್ದಲ್ಲವಲ್ಲ. ಅದಕ್ಕೇ, ಮೆಲ್ಲಗೆ ಸಾಗುವಾಗ ಹೊತ್ತಿದ ದೀಪವನ್ನು ಕಂಡು, ಕಾರು ಚೆನ್ನಾಗಿಯೇ ಓಡುತ್ತಿದೆಯಲ್ಲ ಎಂದು ತಿಂಗಳುಗಟ್ಟಲೆ ಕಡೆಗಣಿಸುವವರು, ಹೆದ್ದಾರಿಯ ಮೊದಲ ಓವರ್‌ಟೇಕಿನಲ್ಲಿ ಏನನ್ನು ಪಣಕ್ಕಿಡುತ್ತಿದ್ದೇವೆ ಎಂದು ಯೋಚಿಸಬೇಕು. ದೀಪ ಮಿಣುಕುತ್ತಿದ್ದರಂತೂ ಕಿಡಿ ತಪ್ಪಿದ ಪೆಟ್ರೋಲು ಕನ್ವರ್ಟರಿಗೆ ಹೋಗಿ ಸುಡುತ್ತಿದೆ ಎಂದರ್ಥ. ವೇಗ ತಗ್ಗಿಸಿ ಆದಷ್ಟು ಬೇಗ ಗಾಡಿ ನಿಲ್ಲಿಸುವುದೇ ಲೇಸು.

ಸ್ಕ್ಯಾನರಿನಲ್ಲಿ ಸಂಖ್ಯೆ ಅಳಿಸಿ ಎಮಿಷನ್ ಟೆಸ್ಟಿಗೆ ಹೋಗಿಬರುವುದು ಸುಲಭ. ಮಿಶ್ರಣ ಲೀನ್ ಆದಷ್ಟು ಕಾಲ ಆ ಕಾರಿನಿಂದ ಹೊರಡುವ ನೈಟ್ರೋಜನ್ ಆಕ್ಸೈಡು ಕನ್ವರ್ಟರಿನಿಂದ ನುಣುಚಿಕೊಂಡು ಬೀದಿಗೆ ಬರುತ್ತದೆ, ಬಿಸಿಲಿಗೆ ಸೇರುತ್ತದೆ. ಸಿಗ್ನಲ್ಲಿನಲ್ಲಿ ಆ ಕಾರಿನ ಹಿಂದೆ ಸ್ಕೂಟರಿನಲ್ಲಿ ನಿಂತವರಿಗೆ ದೀಪ ಕಾಣುವುದಿಲ್ಲ. 1943ರಲ್ಲಿ ಕಣ್ಣೊರೆಸಿಕೊಂಡು ಬೀದಿಯಲ್ಲಿ ನಿಂತಿದ್ದವರಂತೆ ಅವರೂ ಆ ಗಾಳಿಯನ್ನೇ ಉಸಿರಾಡುತ್ತಾರೆ. ದೀಪವನ್ನು ಕಾಯ್ದೆಯಾಗಿ ತಂದದ್ದು ಅವರ ಸಲುವಾಗಿ.